ಶುಕ್ರವಾರ ಹುಟ್ಟಿದವಳು

ಹೇಳಬೇಕಾದ ಸುದ್ದಿ ಒಟ್ಟು ಆರಿದ್ದವು. ಐದನ್ನು ಹೇಳುವುದು ಮೆನ್ ಕಾರ್ತಾಳಿಗೆ ನೀರು ಕುಡಿದಷ್ಟು ಸುಲಭ. ಆರನೆಯದಕ್ಕೆ ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಬೆಳಗಿನಿಂದ ಜಗಲಿಯ ಮೇಲೆ ಕೂತು ಎಳೆಯ ತೆಂಗಿನಗರಿ ಸೀಳಿ ಪೂಜೆಯ ತಟ್ಟೆ ಹೆಣೆಯುತ್ತ ಅವಳು ಆರನ್ನೂ ಮನಸ್ಸಿನೊಳಗೆ ಸಾಲಾಗಿ ಇಟ್ಟು ನೋಡಿದ್ದಳು. ಹಂದಿ ಹನ್ನೊಂದು ಮರಿ ಹಾಕಿದ್ದು ಮೊದಲು ಬರಬೇಕು, ಅದಕ್ಕೆ ಮಗಳು ಕಾದೆಕ್ ನಗುತ್ತಾಳೆ. ಪಕ್ಕದ ಮನೆಯ ಮುದುಕ ಹೊಸ ಹಲ್ಲು ಕಟ್ಟಿಸಿಕೊಂಡು ಎರಡನೇ ದಿನಕ್ಕೇ ಹೊಳೆಯಲ್ಲಿ ಬೀಳಿಸಿಕೊಂಡದ್ದು ಎರಡನೆಯದು. ಸಲಾಕ್ ಹಣ್ಣಿನ ತೋಟಕ್ಕೆ ಅಳಿಲಿನ ಕಾಟ ಹೆಚ್ಚಿದ್ದು, ಸೊಸೆ ಕೋಮಾಂಗಳಿಗೆ ಹಾಲು ಚೆನ್ನಾಗಿ ಇಳಿಯುತ್ತಿರುವುದು ಮೂರು, ನಾಲ್ಕು. ಐದನೆಯದು ದೊಡ್ಡದು, ತಾನು ಹೇಳುವ ಮೊದಲು ಆ ಬಗ್ಗೆ ಯಾರೂ ತುಟಿ ಬಿಚ್ಚಕೂಡದೆಂದು ಮಗನಿಗೂ ಸೊಸೆಗೂ ಕಟ್ಟಪ್ಪಣೆಯಾಗಿತ್ತು. ಕಾದೆಕ್ ಹನ್ನೆರಡು ವರ್ಷದಿಂದ ತುರ್ಕಿಯ ಸಮುದ್ರದ ದಂಡೆಯ ಒಂದು ಹೋಟೆಲಿನಲ್ಲಿ ಪರದೇಶಿಗಳ ಮೈಗೆ ಎಣ್ಣೆ ತಿಕ್ಕುವ ಕೆಲಸದಲ್ಲಿದ್ದಾಳೆ. ಅಷ್ಟೂ ವರ್ಷ ಈ ಮನೆಯಲ್ಲಿ ಏನೇನು ನಡೆಯಿತೆಂಬುದು ಅವಳಿಗೆ ಗೊತ್ತಿರುವುದು ತಾಯಿ ಹೇಳಿದಷ್ಟೇ, ತಾಯಿ ಹೇಳಿದ ಹಾಗೆಯೇ. ಯಾವುದನ್ನು ಮೊದಲು ಬಡಿಸಬೇಕು, ಯಾವುದನ್ನು ಪಾತ್ರೆಯಲ್ಲೇ ಮುಚ್ಚಿಡಬೇಕು ಎಂಬ ವಿಷಯದಲ್ಲಿ ಮೆನ್ ಕಾರ್ತಾಳನ್ನು ಮೀರಿಸುವವರು ಆ ಬೆಟ್ಟದ ತಪ್ಪಲಿನಲ್ಲೇ ಇರಲಿಲ್ಲ. ಇದು ಅವಳೇ ಹೇಳಿಕೊಳ್ಳುತ್ತಿದ್ದ ಮಾತು, ಊರೂ ಒಪ್ಪಿದ ಮಾತು.

ಊರು ಅವಳನ್ನು ಕರೆಯುವುದೇ ಹಾಗೆ: ಮೆನ್ ಕಾರ್ತಾ, ಕಾರ್ತಾನ ತಾಯಿ. ಹಿರಿಯ ಮಗ ಹುಟ್ಟಿದ ದಿನವೇ ಅವಳ ಸ್ವಂತ ಹೆಸರು ಮೂಲೆ ಸೇರಿತು, ಗಂಡನೂ ಪಾನ್ ಕಾರ್ತಾ, ಕಾರ್ತಾನ ತಂದೆ ಆದ. ಇನ್ನು ಮೂರು ದಿನಕ್ಕೆ ಕಾರ್ತಾನ ಮಗುವಿಗೆ ಹೆಸರಿಡುತ್ತಾರೆ. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಹುಟ್ಟಿದ ಗಂಡುಮಗು. ಮೂರು ತಿಂಗಳು ತುಂಬಿ ಅದರ ಕಾಲು ಮೊದಲ ಬಾರಿ ನೆಲ ಮುಟ್ಟುವ ಆ ದಿನ ಇವಳೂ ಹೆಸರು ಬದಲಿಸಿಕೊಂಡು ಅದರ ಅಜ್ಜಿಯಾಗಿಬಿಡುತ್ತಾಳೆ. ಅದಕ್ಕೂ ಮೊದಲು ಒಂದು ಕೆಲಸ ಬಾಕಿ ಇತ್ತು. ಮಗು ಹುಟ್ಟಿದರೆ ಬಂದವರು ಯಾರು ಎಂದು ಕೇಳಲೇಬೇಕು. ಮನೆಯಲ್ಲಿ ತೀರಿಹೋದವರಲ್ಲಿ ಒಬ್ಬರು ಮಗುವಾಗಿ ತಿರುಗಿ ಬಂದಿರುತ್ತಾರೆ, ಬಂದವರು ಏನಾದರೂ ಬೇಡುತ್ತಾರೆ, ಬೇಡಿದ್ದನ್ನು ಕಾಲು ನೆಲ ಮುಟ್ಟುವುದರೊಳಗೆ ಕೊಟ್ಟು ಮುಗಿಸಬೇಕು. ಕೊಡದಿದ್ದರೆ ಮಗು ಅಳುತ್ತದೆ, ಸೊರಗುತ್ತದೆ, ಬಂದ ದಾರಿಯ ಕಡೆಗೇ ಮುಖ ಮಾಡುತ್ತದೆ. ಅದಕ್ಕೇ ಮೊನ್ನೆ ಮಗ, ಸೊಸೆ, ಅವಳು ಮೂವರೂ ಮಗುವನ್ನು ಎತ್ತಿಕೊಂಡು ಹೊಳೆಯಾಚೆಯ ಊರಿಗೆ, ಮೈಮೇಲೆ ಬರುವ ಮುದುಕಿಯ ಬಳಿಗೆ ಹೋಗಿದ್ದರು. ಹೆಸರು ಹೇಳುವಂತಿಲ್ಲ, ಊರು ಹೇಳುವಂತಿಲ್ಲ, ಅಕ್ಕಿ ಹೂವು ಇಟ್ಟು ಸುಮ್ಮನೆ ಕೂರಬೇಕು. ದಾರಿಯುದ್ದಕ್ಕೂ ಕಾರ್ತಾ ತಮಾಷೆ ಮಾಡುತ್ತಲೇ ಇದ್ದ: ಬಂದಿರುವುದು ಬಾಪನೇ, ತೀರಿಹೋದ ಅಪ್ಪನೇ ಆದರೆ ಕೇಳುವುದು ಒಂದು ಕೆಂಪು ಹುಂಜ, ಒಂದು ಸೀಸೆ ಹೆಂಡ, ಇನ್ನೇನಿಲ್ಲ. ಮುದುಕಿ ಹೊಗೆಯೊಳಗೆ ತಲೆ ತಗ್ಗಿಸಿದಳು, ಮೈ ನಡುಗಿತು, ಮತ್ತೆ ಮಾತಿಗೆ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಂಡಳು. ಮೆನ್ ಕಾರ್ತಾಳ ಬೆನ್ನು ನೆಟ್ಟಗಾದದ್ದು ಆಗ. ಐವತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯ ಗಂಟಲು ಸರಿಮಾಡಿಕೊಳ್ಳದೆ ಒಂದು ಲೋಟ ಕಾಫಿಯನ್ನೂ ಕೇಳಿದವನಲ್ಲ. "ನಂಗೆ ಹುಂಜ ಬೇಡ," ಎಂದಿತು ಧ್ವನಿ. ಕಾರ್ತಾ ಹೆಂಡತಿಯ ಕೈ ಹಿಡಿದುಕೊಂಡ. "ನಂಗೆ ಏನೂ ಬೇಡ. ನನ್ನ ಹೆಣ್ಣುಮಗಳ ದಿನ ಅವಳಿಗೆ ವಾಪಸ್ ಕೊಡಿ."

ಬರುವಾಗ ಕಾರಿನಲ್ಲಿ ಕಾರ್ತಾ ಅತ್ತ, ನಕ್ಕ, ಮತ್ತೆ ಅತ್ತ. ಇದರ ಅರ್ಥ ಕಾದೆಕಳ ಹುಟ್ಟುದಿನದ ಶಾಸ್ತ್ರ ಮಾಡಿ ಎಂದೇ, ಹನ್ನೆರಡು ವರ್ಷದಿಂದ ನಿಂತುಹೋಗಿದೆಯಲ್ಲ ಎಂದ. ಆಮೇಲೆ ತಾಯಿಯನ್ನು ಕೇಳಿದ: "ಮೇಮೆ, ದೆಕ್ ಹುಟ್ಟಿದ್ದು ನಿಜವಾಗ್ಲೂ ಯಾವತ್ತು? ಶುಕ್ರವಾರಾನಾ, ಶನಿವಾರಾನಾ?" ಮೆನ್ ಕಾರ್ತಾ ಕಿಟಕಿಯಾಚೆ ನೋಡುತ್ತ, "ನೋಡಿ ಹೇಳ್ತೀನಿ," ಎಂದಳು. ಹೆತ್ತವಳು ಹುಟ್ಟಿದ ದಿನವನ್ನು ಎಲ್ಲಿ ನೋಡಿ ಹೇಳಬೇಕು? ಮಗನಿಗೆ ಅದು ಹೊಳೆಯಲಿಲ್ಲ. ಸೊಸೆಗೆ ಹೊಳೆದಿರಬಹುದು, ಅವಳು ಮಗುವಿನ ಟೊಪ್ಪಿ ಸರಿಮಾಡಿದಳು.

ಮಧ್ಯಾಹ್ನದ ಹೊತ್ತಿಗೆ ಫೋನು ಬಂತು. ಅಲ್ಲಿ ಆಗಿನ್ನೂ ಬೆಳಿಗ್ಗೆ. ಅನ್ನದ ಬುಟ್ಟಿಗೆ ಒರಗಿಸಿಟ್ಟ ಫೋನಿನೊಳಗೆ ಕಾದೆಕ್ ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ತುರುಬು ಕಟ್ಟುತ್ತಿದ್ದಳು. ಮೆನ್ ಕಾರ್ತಾ ಹಂದಿಯಿಂದ ಶುರುಮಾಡಿದಳು. ಹನ್ನೊಂದು ಮರಿ, ಹನ್ನೊಂದಕ್ಕೂ ನಿನ್ನ ಅಣ್ಣನ ಮೂಗು ಎಂದದ್ದಕ್ಕೆ ಕಾದೆಕ್ ಕ್ಲಿಪ್ಪು ಉದುರಿಸಿ ನಕ್ಕಳು. ಹಲ್ಲಿನ ಮುದುಕನ ಕತೆಗೆ ಇನ್ನೂ ಜೋರಾಗಿ ನಕ್ಕಳು. ಎಲ್ಲ ತಾನಂದುಕೊಂಡ ಹಾಗೆಯೇ ಸಾಗುತ್ತಿತ್ತು. ಅಳಿಲು ಆಯಿತು, ಕೋಮಾಂಗಳ ಹಾಲು ಆಯಿತು. ಮೆನ್ ಕಾರ್ತಾ ಗರಿ ಕೆಳಗಿಟ್ಟು, ಒಳಗಿನಿಂದ ಮಗುವನ್ನು ತಂದು ತೊಡೆಯ ಮೇಲೆ ಹಾಕಿಕೊಂಡು, ಫೋನಿನ ಮುಂದೆ ಅದರ ಮುಖ ತಿರುಗಿಸಿದಳು.

"ಇವರು ಯಾರು ಗೊತ್ತಾಯ್ತೇನೆ?"

"ಇವ್ರು ಅಂತೀಯಲ್ಲೇ ಮೇಮೆ! ಮೂರು ತಿಂಗಳ ಕೂಸಿಗೆ ಬಹುವಚನ!"

"ಮತ್ತೆ ಗಂಡನ್ನ ಅವನು ಇವನು ಅನ್ನಕ್ಕಾಗುತ್ತಾ? ಮೊನ್ನೆ ಹೋಗಿದ್ವಿ ಕೇಳಕ್ಕೆ. ನಿಮ್ಮ ಬಾಪ ಕಣೆ. ನಿಮ್ಮ ಬಾಪಾನೇ ಬಂದಿದಾರೆ. ಐವತ್ತು ವರ್ಷ ಈ ಮನುಷ್ಯನ ಬಟ್ಟೆ ಒಗೆದೆ, ಈಗ ನೋಡು, ಮತ್ತೆ ಮೊದಲಿಂದ. ಬೆಳಿಗ್ಗೆ ನನ್ನ ಹೊಸ ಬಟ್ಟೆ ಪೂರ್ತಿ ನೆನೆಸಿ ಹಾಕಿದ್ರು. ಗದರಿಸೋ ಹಾಗೂ ಇಲ್ಲ, ಹಿರಿಯರು."

ಕಾದೆಕ್ ನಗುತ್ತಾಳೆಂದೇ ಅವಳು ಎಣಿಸಿದ್ದಳು. ಕಾದೆಕ್ ನಗಲಿಲ್ಲ. ತುರುಬಿನಿಂದ ಕೈ ಇಳಿಸಿದಳು. ಆಮೇಲೆ, ಅಪ್ಪನ ಬಗ್ಗೆ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಕೇಳದಿದ್ದ ಪ್ರಶ್ನೆಯನ್ನು ಕೇಳಿದಳು.

"ಆರೋಗ್ಯವಾಗಿದಾನಾ?"

ಮೆನ್ ಕಾರ್ತಾಳಿಗೆ ತೊಡೆಯ ಮೇಲಿನ ಭಾರ ಒಮ್ಮೆಲೇ ಹೆಚ್ಚಾದಂತಾಯಿತು. ಈ ಮಗಳು ಎರಡು ಸಲ ರಜೆಯಲ್ಲಿ ಬಂದಿದ್ದಳು. ಎರಡು ಸಲವೂ ಅಪ್ಪ ಜಗಲಿಗೆ ಬಂದರೆ ಇವಳು ಅಡುಗೆಮನೆಗೆ, ಅವನು ಅಡುಗೆಮನೆಗೆ ಬಂದರೆ ಇವಳು ತೋಟಕ್ಕೆ. ನಾಲ್ಕು ವರ್ಷದ ಹಿಂದೆ ಅವನು ಹೋದಾಗ ಹೋಟೆಲಿನವರು ರಜೆ ಕೊಡಲಿಲ್ಲ ಎಂದಳು. ರಜೆ ಕೇಳಿಯೇ ಇರಲಿಲ್ಲ ಎಂಬುದು ತಾಯಿಗೆ ಗೊತ್ತು. ಚಿತೆಯ ವಿಡಿಯೊ ಕಳಿಸಿದರೆ ಮೂರು ದಿನವಾದ ಮೇಲೆ, "ನೋಡ್ದೆ," ಎಂದು ಒಂದೇ ಪದ ಬರೆದಳು. ಆ ಮನುಷ್ಯನಾದರೂ ಕೊನೆಯ ತಿಂಗಳು ಜ್ವರದಲ್ಲಿ ಮಲಗಿ, ಯಾರೋ ಬೇಲಿಯ ಬಾಗಿಲು ತೆಗೆದ ಸದ್ದಾದರೆ ಸಾಕು, ಕತ್ತು ಎತ್ತುತ್ತಿದ್ದ. ಬಂದದ್ದು ಬೇರೆ ಯಾರೋ ಎಂದು ಗೊತ್ತಾದ ಮೇಲೆ ಗಂಟಲು ಸರಿಮಾಡಿಕೊಂಡು ಕಾಫಿ ಕೇಳುತ್ತಿದ್ದ. ಅವಳು ಕಾಫಿ ಕೊಡುತ್ತಿದ್ದಳು. ಸಕ್ಕರೆ ಹೆಚ್ಚು ಹಾಕಿ ಕೊಡುತ್ತಿದ್ದಳು. ಅದಕ್ಕಿಂತ ಹೆಚ್ಚಿನದು ಏನೂ ಕೊಡಲಿಲ್ಲ.

ಹನ್ನೆರಡು ವರ್ಷದ ಹಿಂದಿನ ಆ ದಿನ ಯಾಸಾ ಎಂಬ ಹುಡುಗನ ಕಡೆಯವರು ಹೆಣ್ಣು ಕೇಳಲು ಬಂದಿದ್ದರು. ಹಣ್ಣು, ಹೂವು, ಬಿಳಿ ಬಟ್ಟೆ ಉಟ್ಟ ಏಳು ಜನ. ಕಾದೆಕ್ ತಾನೇ ಮೆಚ್ಚಿದ ಹುಡುಗ, ಒಳ್ಳೆಯ ಹುಡುಗ, ಶಾಲೆಯಲ್ಲಿ ಕೆಲಸ. ಗಂಡಸರು ಜಗಲಿಯ ಮೇಲೆ ಕಾಲು ಮಡಿಸಿ ಕೂತು ಮಳೆ ಬೆಳೆ ಮಾತಾಡುತ್ತಿದ್ದರು. ಅವನ ತಾಯಿ ಮೆನ್ ಯಾಸಾ ಅಡುಗೆಮನೆಗೆ ಬಂದು, ಮಣೆಯ ಮೇಲೆ ಕೂರುವ ಮೊದಲು ಮಣೆಯನ್ನು ಸೆರಗಿನಿಂದ ಒರೆಸಿದಳು. ಅಷ್ಟೇ. ಅಷ್ಟಕ್ಕೇ ಮೆನ್ ಕಾರ್ತಾಳ ಕಿವಿಯೆಲ್ಲ ಬಿಸಿಯಾಯಿತು, ಏಕೆಂದರೆ ಆ ಕೈ ಅವಳಿಗೆ ಗೊತ್ತಿದ್ದ ಕೈ. ಅದಕ್ಕೂ ಎರಡು ವರ್ಷ ಮೊದಲು ಸಂತೆಯಲ್ಲಿ ಅದೇ ಕೈ ಅವಳ ಬುಟ್ಟಿಯಿಂದ ಒಂದು ಸಲಾಕ್ ಹಣ್ಣು ಎತ್ತಿ, ಮೂಗಿಗೆ ಹಿಡಿದು, ಎಲ್ಲರೆದುರು ವಾಪಸು ಬುಟ್ಟಿಗೆ ಎಸೆದಿತ್ತು. "ನಿನ್ನೆ ಕಿತ್ತಿದ್ದು," ಎಂದಿದ್ದಳು, ಮಾರುವವಳ ಮುಖವನ್ನೂ ನೋಡದೆ. ಹಣ್ಣು ಆ ಬೆಳಿಗ್ಗೆಯೇ ಕಿತ್ತದ್ದು, ಕಿತ್ತ ಮುಳ್ಳಿನ ಗೀರು ಇವಳ ಮುಂಗೈ ಮೇಲೆ ಇನ್ನೂ ಹಸಿಯಾಗಿತ್ತು. ಈ ಹೆಂಗಸಿನ ಮನೆಯ ಬಾವಿಯಿಂದ ತನ್ನ ಮಗಳು ನೀರು ಸೇದಬೇಕೇ? ಅವಳ ಮುಂದೆ ತಟ್ಟೆ ಇಟ್ಟು, ಅವಳು ಮೂಸಿ ನೋಡುವವರೆಗೆ ನಿಂತಿರಬೇಕೇ? ಮೆನ್ ಕಾರ್ತಾ ಕಾಫಿಗೆ ನೀರು ಹಾಕುತ್ತ, ಬಲು ಮೆಲ್ಲಗೆ, ಬಲು ನೊಂದವಳಂತೆ ಹೇಳಿದಳು: ಮುಚ್ಚುಮರೆ ಮಾಡಬಾರದು ನೋಡಿ, ನಾಳೆ ನೀವು ನಮ್ಮನ್ನ ಬೈಬಾರದು. ನಮ್ಮ ಹುಡುಗಿ ಹುಟ್ಟಿದ್ದು ಶುಕ್ರವಾರ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದೀವಿ. ನಿಜವಾಗ್ಲೂ ಹಿಂದಿನ ಶನಿವಾರ. ವಾಯಾಂಗ್ ವಾರದ ಶನಿವಾರ.

ಮೆನ್ ಯಾಸಾಳ ಕೈಯಲ್ಲಿ ಬಟ್ಟಲು ನಿಂತುಬಿಟ್ಟಿತು. ಇನ್ನೂರಹತ್ತು ದಿನಕ್ಕೊಮ್ಮೆ ತಿರುಗಿ ಬರುವ ಮೂವತ್ತು ವಾರಗಳ ಪೈಕಿ ವಾಯಾಂಗ್ ವಾರದಲ್ಲಿ ಹುಟ್ಟಿದವರ ಬೆನ್ನ ಹಿಂದೆ ಹಸಿದ ಕಾಲ ಬಾಯಿ ತೆರೆದುಕೊಂಡೇ ಬರುತ್ತಾನೆ. ಅಂಥವಳನ್ನು ಸೊಸೆಯಾಗಿ ತರಲು ಯಾವ ಅತ್ತೆಗೂ ಧೈರ್ಯ ಸಾಲದು. ಏಳು ಜನ ಕಾಫಿ ಮುಗಿಸದೆ ಎದ್ದುಹೋದರು. ಬೇಲಿಯವರೆಗೆ ಕಳಿಸಿ, ಅವರಿಂದ ಕಾರಣ ಕೇಳಿ ಬಂದ ಪಾನ್ ಕಾರ್ತಾ ಹೆಂಡತಿಯ ಮುಂದೆ ನಿಂತ. ಅವನಿಗೆ ದಿನ ಗೊತ್ತಿತ್ತು. ಆ ಶುಕ್ರವಾರ ಮಾಸು ತೊಳೆದು, ತೆಂಗಿನ ಚಿಪ್ಪಿನಲ್ಲಿಟ್ಟು, ಬಾಗಿಲ ಪಕ್ಕ ಹೂಳಿದ ಕೈ ಅವನದೇ. "ಯಾಕೆ?" ಎಂದಷ್ಟೇ ಕೇಳಿದ. "ನಂಗೆ ಆ ಮನೆ ಸರಿಬರಲ್ಲ," ಎಂದಳು ಅವಳು. ಸಲಾಕಿನ ಮಾತು ಹೇಳಲಿಲ್ಲ, ಹೇಳಲು ನಾಚಿಕೆಯಾಯಿತು. ಸಂಜೆ ಕಾದೆಕ್ ಯಾಸಾನಿಂದ ವಿಷಯ ತಿಳಿದು ಏದುಸಿರು ಬಿಡುತ್ತ ಓಡಿಬಂದು, ಯಾರು ಹೇಳಿದ್ದು, ಯಾರು ಹೇಳಿದ್ದು ಎಂದು ಅಂಗಳದ ನಡುವೆ ನಿಂತು ಕೂಗಿದಾಗ ಮೆನ್ ಕಾರ್ತಾ ಬಾಯಿ ತೆರೆದಿದ್ದಳು, ನಿಜವಾಗಿಯೂ ತೆರೆದಿದ್ದಳು. ಅಷ್ಟರಲ್ಲಿ ಹುಂಜದ ಬುಟ್ಟಿ ಕಟ್ಟುತ್ತಿದ್ದವನು ತಲೆ ಎತ್ತದೆ, ಗಂಟಲು ಸರಿಮಾಡಿಕೊಂಡು, "ನಾನು," ಎಂದ. "ಅದು ನಿಜಾನಾ ಬಾಪ? ನಾನು ಹುಟ್ಟಿದ್ದು ಯಾವತ್ತು?" ಅದಕ್ಕೆ ಅವನು ಉತ್ತರ ಕೊಡಲಿಲ್ಲ. ಹೆಂಡತಿಯ ಸುಳ್ಳನ್ನು ತನ್ನದೆಂದು ಹೇಳಬಲ್ಲವನು ಮಗಳಿಗೆ ಸುಳ್ಳು ದಿನ ಹೇಳಲಾರದೆ ಹೋದ. ತೆರೆದಿದ್ದ ಬಾಯನ್ನು ಮೆನ್ ಕಾರ್ತಾ ಮುಚ್ಚಿಕೊಂಡಳು.

ಅಂದಿನಿಂದ ಕಾದೆಕಳಿಗೆ ಹುಟ್ಟುದಿನವಿಲ್ಲ. ಶುಕ್ರವಾರ ಮಾಡೋಣವೆಂದರೆ ಅದು ಸುಳ್ಳಿರಬಹುದು, ಶನಿವಾರ ಮಾಡಿದರೆ ತಾನು ಕಾಲನ ಬಾಯಿಯವಳೆಂದು ಒಪ್ಪಿಕೊಂಡ ಹಾಗೆ. ನನ್ನ ಹೆಸರಲ್ಲಿ ಒಂದು ಹೂವೂ ಇಡಬೇಡಿ ಎಂದು ಹೇಳಿ ವಿಮಾನ ಹತ್ತಿದಳು. ಅವಳ ಪಾಸ್‌ಪೋರ್ಟಿನಲ್ಲಿ ಒಂದು ತಾರೀಕಿದೆ, ಅದು ಶಾಲೆಯ ಮೇಷ್ಟ್ರು ತಮಗೆ ತೋಚಿದ್ದನ್ನು ಬರೆದದ್ದು. ಪಾನ್ ಕಾರ್ತಾ ಮಾತ್ರ ಪ್ರತಿ ಸಲ ಆ ಶುಕ್ರವಾರ ಬಂದಾಗ, ಬೆಳಕು ಹರಿಯುವ ಮೊದಲೇ ಎದ್ದು, ಬಾಗಿಲ ಪಕ್ಕ ಮಾಸು ಹೂಳಿದ ಕಲ್ಲಿನ ಮೇಲೆ ನಾಲ್ಕು ಅಗುಳು ಅನ್ನ, ಒಂದು ಹೂವು ಇಟ್ಟು ಬರುತ್ತಿದ್ದ. ಅವಳು ನಿದ್ದೆ ಬಂದವಳಂತೆ ಮಲಗಿರುತ್ತಿದ್ದಳು. ಅವನು ಹೋದ ಮೇಲೆ ಆ ಕಲ್ಲಿಗೆ ಏನೂ ಇಲ್ಲ.

"ಮೇಮೆ, ಇದೀಯಾ? ಏನು ಕೇಳಿದ್ನಂತೆ ಬಾಪ?"

"ಇದೀನಿ." ಮೆನ್ ಕಾರ್ತಾ ಮಗುವನ್ನು ಭುಜಕ್ಕೆ ಎತ್ತಿಕೊಂಡಳು. ಅದರ ಮುಖ ಹಿಂದಕ್ಕಾಯಿತು. ಹಾಗಿದ್ದರೆ ಮಾತು ಸ್ವಲ್ಪ ಸಲೀಸು. "ನಿನ್ನ ದಿನ ನಿಂಗೆ ಕೊಡ್ಬೇಕಂತೆ. ಅದೇ ಕೇಳಿದ್ದು, ಬೇರೆ ಏನೂ ಕೇಳಲಿಲ್ಲ. ನೀನು ಹುಟ್ಟಿದ್ದು ಶುಕ್ರವಾರಾನೇ ಕಣೆ ದೆಕ್. ಕುಲಾವು ವಾರದ ಶುಕ್ರವಾರ, ಬೆಳಿಗ್ಗೆ ಹುಂಜ ಕೂಗೋ ಹೊತ್ತು. ವಾಯಾಂಗ್ ವಾರ ಮುಗಿದು ಪೂರ್ತಿ ಆರು ದಿನ ಆಗಿತ್ತು. ನಿಂಗೆ ಯಾವ ದೋಷಾನೂ ಇಲ್ಲ, ಯಾವತ್ತೂ ಇರಲಿಲ್ಲ."

ಫೋನಿನೊಳಗೆ ಕಾದೆಕ್ ಮಂಚದ ಮೇಲೆ ಕೂತಳು. ಕಣ್ಣು ಒರೆಸಿಕೊಂಡಳೋ, ಕೂದಲು ಸರಿಸಿಕೊಂಡಳೋ ಕಾಣಲಿಲ್ಲ. "ಹಾಗಾದ್ರೆ ಬಾಪ ಹೇಳಿದ್ದು ಸುಳ್ಳು," ಎಂದಳು. "ಅದಕ್ಕೇ ಬಂದಿದಾನೆ. ತಪ್ಪು ಒಪ್ಕೊಳ್ಳೋಕೆ."

ಹೂಂ ಎಂದರೆ ಮುಗಿಯಿತು. ಎಷ್ಟು ಸಲೀಸು! ಬೇಡಿದ್ದು ಕೊಟ್ಟಂತಾಯಿತು, ಮಗುವಿನ ಕಾಲು ಹಗುರಾಗಿ ನೆಲ ಮುಟ್ಟುತ್ತದೆ, ಮಗಳ ಸಿಟ್ಟೂ ಇಳಿಯುತ್ತದೆ. ಸತ್ತವನು ಸತ್ತೇ ಇದ್ದಿದ್ದರೆ ಈ ಲೆಕ್ಕ ಸರಿಹೋಗುತ್ತಿತ್ತು. ಮೆನ್ ಕಾರ್ತಾ ಇಂಥ ಇಕ್ಕಟ್ಟಿನಿಂದ ಎಷ್ಟೋ ಸಲ ನಯವಾಗಿ ಜಾರಿಕೊಂಡವಳು! ಈಗಲೂ ಜಾರಿಕೊಳ್ಳಬಲ್ಲಳು, ಅದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ. ಆದರೆ ಭುಜದ ಮೇಲಿದ್ದವನು ಅವಳ ಕಿವಿಯ ಓಲೆಯನ್ನು ಹಿಡಿದುಕೊಂಡು ಮೆಲ್ಲಗೆ, ಯಾವ ತಕರಾರೂ ಇಲ್ಲದೆ ಉಸಿರಾಡುತ್ತಿದ್ದ. ಮೊದಲೂ ಹೀಗೆಯೇ ಇದ್ದ ಮನುಷ್ಯ. ಇನ್ನೊಂದು ಜನ್ಮ ಪೂರ್ತಿ ಇವನಿಂದ ತನ್ನ ಮೂಟೆ ಹೊರಿಸುವುದೇ? ತನಗೇನು ಕೈಕಾಲಿಲ್ಲವೇ? ಅವಳಿಗೆ ನಾಚಿಕೆಗಿಂತ ಮೊದಲು ಬಂದದ್ದು ಸಿಟ್ಟು, ತನ್ನ ಮೇಲೆ ಬಂದ ಶುದ್ಧ ಸಿಟ್ಟು.

"ಅವರಲ್ಲ," ಎಂದಳು. "ನಾನು."

"ಏನು ನೀನು?"

"ಶನಿವಾರ ಅಂತ ಮೆನ್ ಯಾಸಾಗೆ ಹೇಳಿದ್ದು ನಾನು. ಅಡುಗೆಮನೇಲಿ, ಕಾಫಿ ಕಾಸ್ತಾ ಹೇಳ್ದೆ. ಹೇಳೋ ತನಕ ನಿಮ್ಮ ಬಾಪಂಗೆ ಗೊತ್ತೇ ಇರಲಿಲ್ಲ. ನೀನು ಕೂಗಾಡ್ದಾಗ ಅವರು ತಮ್ಮ ಮೇಲೆ ಎಳ್ಕೊಂಡ್ರು, ನಾನು ಎಳ್ಕೊಳ್ಳಲಿ ಅಂತ ಸುಮ್ಮನಿದ್ದೆ. ಹನ್ನೆರಡು ವರ್ಷ ಸುಮ್ಮನಿದ್ದೆ."

ಕಾದೆಕ್ ಎದ್ದು ಎಲ್ಲಿಗೋ ಹೋದಳು. ಖಾಲಿ ಮಂಚವನ್ನು ನೋಡುತ್ತ ಮೆನ್ ಕಾರ್ತಾ ಕೂತಳು. ಫೋನು ಆರಿಸಲಿಲ್ಲ, ಕರೆಯಲೂ ಇಲ್ಲ. ಕಾಯುವುದು ತನ್ನ ಪಾಳಿ ಎಂದು ಗೊತ್ತಿತ್ತು. ನಲ್ಲಿಯ ನೀರಿನ ಸದ್ದು ಕೇಳಿಸಿತು, ನಿಂತಿತು. ಕಾದೆಕ್ ತಿರುಗಿ ಬಂದಾಗ ಮುಖ ಒದ್ದೆಯಾಗಿತ್ತು.

"ಯಾಕೆ?"

ಅವಳ ಗಂಡ ಕೇಳಿದ್ದೂ ಇಷ್ಟೇ. ಮನೆತನ ಸರಿಯಿರಲಿಲ್ಲ, ಆ ಹೆಂಗಸು ಜೋರಿನವಳು, ನೀನು ಸುಖವಾಗಿರುತ್ತಿರಲಿಲ್ಲ: ಹನ್ನೆರಡು ವರ್ಷ ತನಗೇ ಹೇಳಿಕೊಂಡು ಬಂದ ಕಾರಣಗಳೆಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಅವನ್ನೆಲ್ಲ ಪಕ್ಕಕ್ಕೆ ಸರಿಸಿ, ಯಾವತ್ತೂ ಯಾರಿಗೂ ಹೇಳದ ಸಂತೆಯ ಮಾತನ್ನು ಹೇಳಿದಳು. ಹಣ್ಣು ಮೂಸಿದ್ದು, ಎಸೆದದ್ದು, ನಿನ್ನೆಯದು ಎಂದದ್ದು, ಪಕ್ಕದ ಬುಟ್ಟಿಯವರು ನಕ್ಕದ್ದು. ಹೇಳುವಾಗ, ಎಪ್ಪತ್ತು ದಾಟಿದ ಈ ವಯಸ್ಸಿನಲ್ಲೂ, ಆ ನಗೆಗೆ ಅವಳ ಕಿವಿ ಬಿಸಿಯಾಯಿತು.

"ಒಂದು ಸಲಾಕ್ ಹಣ್ಣಿಗಾ ಮೇಮೆ?" ಕಾದೆಕಳ ಧ್ವನಿ ಬಹಳ ಸಣ್ಣಗಿತ್ತು. "ಒಂದು ಸಲಾಕ್ ಹಣ್ಣಿಗೋಸ್ಕರ?"

"ಹೂಂ. ಒಂದು ಹಣ್ಣಿಗೆ."

"ನಾನು ಬಾಪನ ಹತ್ರ ಒಂದು ಮಾತು ಆಡಲಿಲ್ಲ. ಅವನು ಬೇಲಿ ತನಕ ಬಂದು ನನ್ನ ಚೀಲ ಎತ್ಕೊಟ್ಟ, ನಾನು ಕಿತ್ಕೊಂಡೆ. ಕಿತ್ಕೊಂಡೆ ಕಣೇ."

"ಗೊತ್ತು. ನೋಡ್ತಾ ಇದ್ದೆ."

"ನೋಡ್ತಾ ಇದ್ದೆಯಂತೆ!" ಕಾದೆಕ್ ಈಗ ಕೂಗಿದಳು, ಅಂಗಳದ ನಡುವೆ ನಿಂತು ಕೂಗಿದ ಅದೇ ಕೂಗು. ಏನೇನೋ ಅಂದಳು, ತಾಯಿಗೆ ಯಾವ ಮಗಳೂ ಅನ್ನಬಾರದ್ದನ್ನೂ ಅಂದಳು. ಮೆನ್ ಕಾರ್ತಾ ಅಡ್ಡ ಮಾತಾಡಲಿಲ್ಲ, ಅಳಲಿಲ್ಲ. ಅತ್ತರೆ ಮಗಳು ಸಮಾಧಾನ ಮಾಡಬೇಕಾಗುತ್ತದೆ, ಅದನ್ನೂ ಅವಳ ತಲೆಗೆ ಕಟ್ಟಿದ ಹಾಗಾಗುತ್ತದೆ. ನೆಟ್ಟಗೆ ಕೂತು ಪ್ರತಿಯೊಂದನ್ನೂ ಕೇಳಿಸಿಕೊಂಡಳು. ಒಳಗೆ ಎಲ್ಲೋ, ಬಹಳ ದಿನದಿಂದ ಮಡಿಸಿ ಕೂತಿದ್ದ ಕಾಲನ್ನು ಚಾಚಿದಂತೆ, ನೋವಿನ ಜೊತೆಗೇ ರಕ್ತವೂ ಇಳಿಯುತ್ತಿತ್ತು. ಕೂಗು ನಿಂತ ಮೇಲೆ ಕಾದೆಕ್ ಮೂಗು ಒರೆಸಿಕೊಂಡು, ಹೊರಡುವ ಹೊತ್ತಾಯಿತೆಂದು ಗಡಿಯಾರ ನೋಡಿದಳು, ಆದರೆ ಹೊರಡಲಿಲ್ಲ.

"ಎಚ್ಚರ ಇದಾನಾ?"

"ಇದಾರೆ. ಕಣ್ಣು ಪಿಳಿಪಿಳಿ ಬಿಡ್ತಿದಾರೆ."

"ಒಳಗೆ ಕರ್ಕೊಂಡು ಹೋಗಿ ಮಲಗಿಸು. ಫೋನು ಅವನ ಕಿವಿ ಹತ್ರ ಇಡು."

ಮೆನ್ ಕಾರ್ತಾ ಹಾಗೆಯೇ ಮಾಡಿದಳು. ಮಂಚದ ಮೇಲೆ ಮಲಗಿಸಿ, ಎರಡೂ ಕಡೆ ದಿಂಬು ಒತ್ತರಿಸಿ, ಫೋನನ್ನು ಮಡಿಸಿದ ಬಟ್ಟೆಗೆ ಆನಿಸಿಟ್ಟಳು. ಮಗು ಬೆಳಕಿನ ಕಡೆಗೆ ತಲೆ ತಿರುಗಿಸಿತು. "ಇಟ್ಟೆ. ಹೇಳು," ಎಂದು ತಾನೂ ಮಂಚದ ಅಂಚಿನಲ್ಲಿ ಕೂತಳು.

"ನೀನು ಆಚೆ ಹೋಗು."

"ನಾನಾ?"

"ನೀನೇ. ಬಾಗಿಲು ಎಳ್ಕೊಂಡು ಹೋಗು."

ಈ ಮನೆಯಲ್ಲಿ ಯಾರೂ ಯಾವತ್ತೂ ಅವಳನ್ನು ಆಚೆ ಹೋಗು ಎಂದವರಲ್ಲ. ಸೊಸೆಯ ಬಾಣಂತನದ ಮಂಚದ ಬಳಿ, ಗಂಡನ ಸಾವಿನ ಚಾಪೆಯ ಬಳಿ, ಎಲ್ಲ ಕಡೆಯೂ ಮೊದಲು ಅವಳು. ಮಂಡಿಯ ಮೇಲೆ ಕೈ ಊರಿ ಎದ್ದು, ಹೊರಗೆ ಬಂದು, ಬಾಗಿಲು ಎಳೆದುಕೊಂಡಳು. ಹಿಂದಿನಿಂದ ಕಾದೆಕಳ ಧ್ವನಿ ಕೇಳಿಸಿತು, ತಡೆತಡೆದು, ಮೆಲ್ಲಗೆ; ಮಾತು ತಿಳಿಯಲಿಲ್ಲ. ತಿಳಿಯಬಹುದಾಗಿತ್ತು, ಹಲಗೆಗೆ ಕಿವಿ ಕೊಟ್ಟರೆ ಸಾಕು, ಬಾಗಿಲಿನ ಸಂದು ಎಲ್ಲಿದೆಯೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವಳು ಬಾಗಿಲಿಗೆ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ಕೂತಳು.

ಅಡುಗೆಮನೆಯಿಂದ ಕೋಮಾಂಗ್ ಕೈ ಒರೆಸಿಕೊಳ್ಳುತ್ತ ಬಂದಳು. ಮಗುವಿಗೆ ಹಾಲಿನ ಹೊತ್ತಾಗಿತ್ತು. ಬಾಗಿಲಿಗೆ ಕೈ ಹಾಕಿದವಳನ್ನು ಅತ್ತೆ ಉಟ್ಟ ಬಟ್ಟೆಯ ಅಂಚು ಹಿಡಿದು ತಡೆದಳು.

"ಸ್ವಲ್ಪ ಹೊತ್ತು ನಿಲ್ಲು."

"ಯಾಕೆ ಮೇಮೆ? ದೆಕ್ ಫೋನಲ್ಲಿದಾಳಾ? ಏನಂತೆ, ಏನು ಹೇಳ್ತಿದಾಳೆ?"

"ನಂಗೊತ್ತಿಲ್ಲ," ಎಂದಳು ಮೆನ್ ಕಾರ್ತಾ. ಸೊಸೆ ನಂಬದೆ ನೋಡಿದಳು. "ಗೊತ್ತಿಲ್ಲ ಕಣೆ. ಅಪ್ಪ ಮಗಳು ಮಾತಾಡ್ತಿದಾರೆ."